ಮಲ್ಟಿಕಾಸ್ಟ್ ರೂಟಿಂಗ್: ಸ್ವಿಚ್‌ಗಳಲ್ಲಿ ಅಳವಡಿಕೆ ಮತ್ತು ಅದರ ಮಿತಿಗಳು

ಮಲ್ಟಿಕಾಸ್ಟ್ ರೂಟಿಂಗ್ ಎಂದರೆ ಒಂದು ಮೂಲದಿಂದ ಹೊರಟ ದತ್ತಾಂಶವನ್ನು, ಅದು ಬೇಕೆಂದು ಕೇಳಿಕೊಂಡ ಅನೇಕರಿಗೆ ಮಾತ್ರ, ದಾರಿಯ ಯಾವ ಭಾಗದಲ್ಲೂ ಒಂದಕ್ಕಿಂತ ಹೆಚ್ಚು ಪ್ರತಿ ಹರಿಯದಂತೆ ತಲುಪಿಸುವ ಜಾಲವಿಧಾನ. ಸಾಮಾನ್ಯ ಇಂಟರ್ನೆಟ್ ಸಂಪರ್ಕದಲ್ಲಿ ಒಬ್ಬ ಗ್ರಾಹಕನಿಗೆ ಒಂದು ಪ್ರತಿ ಎಂಬ ಲೆಕ್ಕವಿರುತ್ತದೆ. ಇದು ಯೂನಿಕಾಸ್ಟ್; ಮದುವೆಮನೆಯವರು ಮನೆಮನೆಗೆ ಹೋಗಿ ಕರೆದುಬರುವ ಹಾಗೆ. ಬೇಕಾದವರಿಗೂ ಬೇಡದವರಿಗೂ ಒಟ್ಟಿಗೆ ಸಾರುವ ಡಂಗುರದಂಥದ್ದು ಬ್ರಾಡ್‌ಕಾಸ್ಟ್. ಮಲ್ಟಿಕಾಸ್ಟ್ ಇವೆರಡರ ನಡುವಿನದು. ಗುಡ್ಡದ ಒರತೆಯ ನೀರನ್ನು ಅಡಿಕೆ ದಬ್ಬೆಯಲ್ಲಿ ಇಳಿಸಿ, ಕವಲುಗಳ ಮೂಲಕ ಕೇಳಿದ ಮನೆಗಳ ಅಂಗಳಕ್ಕೆ ಮಾತ್ರ ಹರಿಸಿಕೊಳ್ಳುವ ಮಲೆನಾಡಿನ ಹಳೆಯ ಏರ್ಪಾಡು ಇದಕ್ಕೆ ಹತ್ತಿರದ ಹೋಲಿಕೆ. ಆದರೆ ದಬ್ಬೆ ಕವಲೊಡೆದಲ್ಲಿ ನೀರು ಪಾಲಾಗುತ್ತದೆ. ಮಲ್ಟಿಕಾಸ್ಟ್ ಹರಿವು ಕವಲೊಡೆದಲ್ಲಿ ಪಾಲಾಗದೆ ನಕಲಾಗುತ್ತದೆ, ಕೊನೆಯ ಮನೆಗೂ ಮೊದಲ ಮನೆಯಷ್ಟೇ ಸಿಗುತ್ತದೆ. ಆ ನಕಲು ತೆಗೆಯುವ ಕೆಲಸ ಕವಲಿನಲ್ಲಿ ಕುಳಿತ ಸ್ವಿಚ್ ಅಥವಾ ರೂಟರಿನದು, ಮತ್ತು ಈ ವಿಧಾನದ ಲಾಭವೂ ತೊಡಕೂ ಎರಡೂ ಹುಟ್ಟುವುದು ಅಲ್ಲಿಯೇ.

ಈ ಕಲ್ಪನೆಗೆ ಇಂದಿನ ರೂಪ ಕೊಟ್ಟವನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕನಾಗಿದ್ದ ಸ್ಟೀವ್ ಡೀರಿಂಗ್. 1989ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 1112 ಎಂಬ ಮಾನಕಪತ್ರ ಅವನದು. ಅದೇ ವಿಷಯದ ಅವನ ಪಿಎಚ್‌.ಡಿ. ಪ್ರಬಂಧ 1991ರದು. 1992ರಲ್ಲಿ ಸ್ಯಾನ್ ಡಿಯಾಗೋದಲ್ಲಿ ನಡೆದ ಇಂಟರ್ನೆಟ್ ತಜ್ಞರ ಸಭೆಯ ಧ್ವನಿಯನ್ನು ದೂರದ ಊರುಗಳಿಗೆ ಮಲ್ಟಿಕಾಸ್ಟ್ ಮೂಲಕ ಕೇಳಿಸಲಾಯಿತು, ಅದರಿಂದ ಎಂಬೋನ್ ಎಂಬ ಪ್ರಯೋಗಜಾಲ ಬೆಳೆಯಿತು. ಮುಂದೆ ಇಡೀ ಇಂಟರ್ನೆಟ್ ಮಲ್ಟಿಕಾಸ್ಟ್ ಆಗಬಹುದೆಂಬ ನಿರೀಕ್ಷೆ ಹುಸಿಯಾಗಿ, ವಿಧಾನ ಒಂದೇ ಆಡಳಿತದ ಕೈಯಲ್ಲಿರುವ ಜಾಲಗಳೊಳಗೆ ಉಳಿದುಕೊಂಡಿತು: ದೂರದರ್ಶನ ವಾಹಿನಿಗಳನ್ನು ಇಂಟರ್ನೆಟ್ ಪ್ರೊಟೊಕಾಲ್‌ನಲ್ಲಿ ಹಂಚುವ ಐಪಿ ಟಿವಿ, ಷೇರು ವಿನಿಮಯ ಕೇಂದ್ರಗಳು, ಕಾಲೇಜು ಆವರಣಗಳು, ಕ್ಯಾಮೆರಾ ಕಾವಲು ವ್ಯವಸ್ಥೆಗಳು.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ನೆಲದ ರಚನೆ ಈ ವಿಧಾನವನ್ನು ವಿವರಿಸಲು ಹೇಳಿಮಾಡಿಸಿದಂತಿದೆ. ಬಯಲುಸೀಮೆಯ ಊರಿನಂತೆ ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ; ಒಂದು ತೋಟ, ಅದರ ಮೇಲೊಂದು ಮನೆ, ಗುಡ್ಡ ಇಳಿದು ಹಳ್ಳ ದಾಟಿದರೆ ಇನ್ನೊಂದು ಮನೆ. ತುಂಗೆಯ ದಂಡೆಯ ಶೃಂಗೇರಿ, ಹರಿಹರಪುರಗಳಿಗಾಗಲಿ ಭದ್ರೆಯ ದಂಡೆಯ ಬಾಳೆಹೊನ್ನೂರಿಗಾಗಲಿ ಬರುವ ಫೈಬರ್ ತಂತಿ ಕಾಡು, ಕಾಫಿ ತೋಟ, ಘಟ್ಟದ ತಿರುವುಗಳನ್ನು ದಾಟಿ ದೂರ ಸಾಗಿ, ಕೊನೆಯಲ್ಲಿ ಮಾತ್ರ ಸಣ್ಣ ಸಣ್ಣ ಕವಲುಗಳಾಗಿ ಒಡೆಯುತ್ತದೆ. ಉದ್ದನೆಯ ಕಾಂಡ, ತುದಿಯಲ್ಲಿ ಚದುರಿದ ಎಲೆ. ಇಂಥ ಮರದಲ್ಲಿ ಕಾಂಡದ ಮೇಲಿನ ಹೊರೆ ತಗ್ಗಿಸುವ ಯಾವ ವಿಧಾನಕ್ಕೂ ಬೆಲೆ ಹೆಚ್ಚು.

ಲೆಕ್ಕ ಹಾಕಿ ನೋಡಬಹುದು. ಕೊಪ್ಪದಿಂದ ಶೃಂಗೇರಿಗೆ ಸೆಕೆಂಡಿಗೆ 1 ಗಿಗಾಬಿಟ್ ಹೊರುವ ಒಂದು ಕೊಂಡಿಯಿದೆ, ಸರಾಸರಿ 4 ಮೆಗಾಬಿಟ್‌ನ 150 ವಾಹಿನಿಗಳನ್ನು ಅದರ ಮೇಲೆ ಹರಿಸಬೇಕು ಎಂದಿಟ್ಟುಕೊಂಡರೆ, ಯೂನಿಕಾಸ್ಟ್‌ನಲ್ಲಿ 250 ಮನೆಗಳು ಸಂಜೆಯ ಧಾರಾವಾಹಿಗೆ ಕುಳಿತೊಡನೆ ಕೊಂಡಿ ತುಂಬಿಹೋಗುತ್ತದೆ, 251ನೆಯ ಮನೆಯವರು ಟಿವಿ ಹಾಕಿದರೆ ಎಲ್ಲರ ಚಿತ್ರವೂ ತಡವರಿಸುತ್ತದೆ. ಮಲ್ಟಿಕಾಸ್ಟ್‌ನಲ್ಲಿ ಎಲ್ಲ 150 ವಾಹಿನಿಗಳನ್ನೂ ಯಾರಾದರೊಬ್ಬರು ನೋಡುತ್ತಿದ್ದರೂ ಹೊರೆ 600 ಮೆಗಾಬಿಟ್ ದಾಟುವುದಿಲ್ಲ. ನೋಡುವವರು ನೂರಿರಲಿ ಹತ್ತು ಸಾವಿರವಿರಲಿ ಅಂಕಿ ಅಷ್ಟೇ. ಯಾರೂ ನೋಡದ ವಾಹಿನಿ ಆ ಕೊಂಡಿಯ ಮೇಲೆ ಬರುವುದೇ ಇಲ್ಲ. ಹಳೆಯ ಕೇಬಲ್ ಟಿವಿಯಲ್ಲಿ ಹೀಗಿರಲಿಲ್ಲ. ಅಲ್ಲಿ ಎಲ್ಲ ವಾಹಿನಿಗಳೂ ಎಲ್ಲ ಮನೆಗೂ ಸದಾ ಹರಿಯುತ್ತಿದ್ದವು, ಅದು ಶುದ್ಧ ಡಂಗುರ.

ಮಲ್ಟಿಕಾಸ್ಟ್‌ನಲ್ಲಿ ವಿಳಾಸ ಗ್ರಾಹಕನದಲ್ಲ, ಗುಂಪಿನದು. ಐಪಿ ನಾಲ್ಕನೆಯ ಆವೃತ್ತಿಯಲ್ಲಿ 224.0.0.0ರಿಂದ 239.255.255.255ರವರೆಗಿನ ವಿಳಾಸಗಳು ಗುಂಪುಗಳಿಗೆ ಮೀಸಲು. ಇವುಗಳಲ್ಲಿ 239ರಿಂದ ಆರಂಭವಾಗುವವು ಒಂದು ಸಂಸ್ಥೆಯ ಒಳಬಳಕೆಗೆ. ಒಂದು ವಾಹಿನಿಗೆ ಒಂದು ಗುಂಪು. ಟಿವಿಯ ಪೆಟ್ಟಿಗೆ ವಾಹಿನಿ ಬದಲಿಸಿದಾಗ ಹಳೆಯ ಗುಂಪು ಬಿಟ್ಟೆ, ಹೊಸದಕ್ಕೆ ಸೇರಿದೆ ಎಂದು ಹೇಳುವ ಭಾಷೆಗೆ ಐಜಿಎಂಪಿ ಎಂದು ಹೆಸರು. ಇದರ ಎರಡನೆಯ ಆವೃತ್ತಿ 1997ರದು. ಗುಂಪಿನ ಜೊತೆಗೆ ಯಾವ ಮೂಲದಿಂದ ಬೇಕೆಂಬುದನ್ನೂ ಹೇಳಬಲ್ಲ ಮೂರನೆಯ ಆವೃತ್ತಿ 2002ರದು. ಐಪಿ ಆರನೆಯ ಆವೃತ್ತಿಯಲ್ಲಿ ಇದೇ ಕೆಲಸ ಮಾಡುವುದು ಎಂಎಲ್‌ಡಿ.

ಈ ಮಾತುಕತೆ ನಡೆಯುವುದು ಗ್ರಾಹಕನ ಪೆಟ್ಟಿಗೆಗೂ ರೂಟರಿಗೂ ನಡುವೆ. ಮಧ್ಯದ ಸ್ವಿಚ್ ಅದನ್ನು ಕದ್ದು ಕೇಳಿಸಿಕೊಂಡು, ಯಾವ ಪೋರ್ಟಿನ ಆಚೆಗೆ ಯಾವ ಗುಂಪಿನ ಸದಸ್ಯರಿದ್ದಾರೆಂದು ಪಟ್ಟಿ ಮಾಡಿಕೊಳ್ಳುತ್ತದೆ. ಇದಕ್ಕೆ ಐಜಿಎಂಪಿ ಸ್ನೂಪಿಂಗ್ ಎನ್ನುತ್ತಾರೆ. ಸ್ನೂಪಿಂಗ್ ಇಲ್ಲದ ಅಗ್ಗದ ಸ್ವಿಚ್ಚಿಗೆ ಮಲ್ಟಿಕಾಸ್ಟ್ ಬಂದರೆ ಅದು ಎಲ್ಲ ಪೋರ್ಟುಗಳಿಗೂ ಸುರಿಯುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನ ಪೋರ್ಟಿಗೆ 4 ಮೆಗಾಬಿಟ್‌ನ ಮೂವತ್ತು ವಾಹಿನಿ ಒಟ್ಟಿಗೆ ನುಗ್ಗಿದರೆ ಆ ಪೋರ್ಟು ಸತ್ತ ಹಾಗೆಯೇ.

ಸ್ನೂಪಿಂಗ್‌ನ ಪಟ್ಟಿ ತಾನಾಗಿ ಉಳಿಯುವುದಿಲ್ಲ. ಕ್ವೆರಿಯರ್ ಎಂಬ ಸಾಧನವೊಂದು, ಸಾಮಾನ್ಯವಾಗಿ ಆ ಜಾಲದ ರೂಟರ್, ರೂಢಿಯ ಹೊಂದಾಣಿಕೆಯಲ್ಲಿ ಪ್ರತಿ 125 ಸೆಕೆಂಡಿಗೊಮ್ಮೆ ಯಾರಿಗೆ ಯಾವ ಗುಂಪು ಬೇಕೆಂದು ಕೇಳುತ್ತದೆ, ಪೆಟ್ಟಿಗೆಗಳು 10 ಸೆಕೆಂಡಿನೊಳಗೆ ಉತ್ತರಿಸುತ್ತವೆ, ಎರಡು ಸುತ್ತಿನ ಪ್ರಶ್ನೆಗೆ ಉತ್ತರ ಬಾರದೆ 260 ಸೆಕೆಂಡು ಕಳೆದರೆ ಸದಸ್ಯತ್ವ ಅಳಿಸಿಹೋಗುತ್ತದೆ. ಕ್ವೆರಿಯರ್ ಇಲ್ಲದ ಜಾಲದ ರೋಗಲಕ್ಷಣ ವಿಚಿತ್ರವಾದದ್ದು: ವಾಹಿನಿ ಹಾಕಿದೊಡನೆ ಚಿತ್ರ ಚೆನ್ನಾಗಿ ಬರುತ್ತದೆ, ತಂತ್ರಜ್ಞ ನೋಡಿ ಸರಿಯಿದೆಯೆಂದು ಬೈಕ್ ಹತ್ತುತ್ತಾನೆ, ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ಚಿತ್ರ ನಿಲ್ಲುತ್ತದೆ. ವಾಹಿನಿ ಬದಲಿಸಿ ಮತ್ತೆ ಹಾಕಿದರೆ ಮತ್ತೆ ಅಷ್ಟೇ ಹೊತ್ತು. ಮಳೆಗಾಲದಲ್ಲಿ ಮರ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುವ ಊರುಗಳಲ್ಲಿ ಇದಕ್ಕೆ ವಿಶೇಷ ಅರ್ಥವಿದೆ. ಬ್ಯಾಟರಿಯ ಮೇಲೆ ನಡೆಯುವ ಬೀದಿಯ ಸ್ವಿಚ್ ಎಚ್ಚರವಾಗಿದ್ದು, ಕ್ವೆರಿಯರ್ ಆಗಿದ್ದ ಸಾಧನ ಮಾತ್ರ ಆರಿಹೋದರೆ, ತಂತಿ ಎಲ್ಲೂ ತುಂಡಾಗದೆಯೂ ಟಿವಿಗಳು ಒಂದೊಂದಾಗಿ ನಿಲ್ಲುತ್ತವೆ. ಆದ್ದರಿಂದ ಬ್ಯಾಟರಿ ಇರುವ ಎರಡನೆಯ ಸ್ವಿಚ್ಚಿಗೂ ಕ್ವೆರಿಯರ್ ಹೊಣೆಯನ್ನು ಬರೆದಿಡುವುದು ಕ್ರಮ. ಇಬ್ಬರಿದ್ದರೆ ಚಿಕ್ಕ ಐಪಿ ವಿಳಾಸದವನು ಕೇಳುತ್ತಾನೆ, ಇನ್ನೊಬ್ಬ ಸುಮ್ಮನಿದ್ದು ಕಾಯುತ್ತಾನೆ.

ಒಂದು ರೂಟರಿನಿಂದ ಇನ್ನೊಂದಕ್ಕೆ ಮಲ್ಟಿಕಾಸ್ಟ್ ದಾಟಿಸುವ ಕೆಲಸ ಪಿಮ್ ಎಂಬ ಪ್ರೊಟೊಕಾಲಿನದು. ಇದರಲ್ಲಿ ಎರಡು ಸ್ವಭಾವಗಳಿವೆ. ಡೆನ್ಸ್ ಮೋಡ್ ಮೊದಲು ಎಲ್ಲ ಕಡೆಗೂ ಸುರಿದು, ಬೇಡವೆಂದವರ ಕವಲನ್ನು ಆಮೇಲೆ ಕತ್ತರಿಸುತ್ತದೆ. ಸ್ಪಾರ್ಸ್ ಮೋಡ್ ಯಾರಾದರೂ ಕೇಳುವವರೆಗೆ ಏನನ್ನೂ ಕಳಿಸುವುದಿಲ್ಲ. ಚದುರಿದ ಗ್ರಾಹಕರಿರುವ ಜಾಲಕ್ಕೆ ಎರಡನೆಯದೇ ಸರಿ, ಇಂದು ಬಳಕೆಯಲ್ಲಿರುವುದೂ ಬಹುಪಾಲು ಅದೇ. ಅದರ ಸದ್ಯದ ಮಾನಕ 2016ರ ಆರ್‌ಎಫ್‌ಸಿ 7761. ಸ್ಪಾರ್ಸ್ ಮೋಡಿನಲ್ಲಿ ಮೂಲ ಎಲ್ಲಿದೆಯೆಂದು ಗ್ರಾಹಕರಿಗೆ ಮೊದಲೇ ಗೊತ್ತಿರುವುದಿಲ್ಲ, ಹಾಗಾಗಿ ಮೂಲವೂ ಕೋರಿಕೆಯೂ ಬಂದು ಕೂಡುವ ಒಂದು ರೂಟರನ್ನು ಗೊತ್ತುಮಾಡಬೇಕಾಗುತ್ತದೆ. ಇದನ್ನು ಆರ್‌ಪಿ ಎನ್ನುತ್ತಾರೆ, ಸಂತೆಗೆ ಸೇರುವ ಅರಳಿಕಟ್ಟೆಯ ಹಾಗೆ. ಮೂರು ತಾಲ್ಲೂಕುಗಳ ನಡುವೆ ಬರುವ ಕೊಪ್ಪದಲ್ಲಿ ಆರ್‌ಪಿ ಇಟ್ಟರೆ ಎರಡೂ ಕಡೆಯ ಕೋರಿಕೆಗಳು ಅಲ್ಲಿಗೆ ಬರುತ್ತವೆ. ಆಮೇಲೆ ಮೂಲದಿಂದ ನೇರ ದಾರಿ ಚಿಕ್ಕದಾಗಿದ್ದರೆ ಹರಿವು ಆ ದಾರಿಗೆ ಹೊರಳುತ್ತದೆ. ಗ್ರಾಹಕನೇ ಮೂಲದ ವಿಳಾಸ ಹೇಳಬಲ್ಲ ಸೋರ್ಸ್ ಸ್ಪೆಸಿಫಿಕ್ ಮಲ್ಟಿಕಾಸ್ಟ್ ಎಂಬ ಸರಳ ರೂಪದಲ್ಲಿ ಆರ್‌ಪಿಯ ಗೊಡವೆಯೇ ಇಲ್ಲ, ಅದಕ್ಕೆ 232ರಿಂದ ಆರಂಭವಾಗುವ ವಿಳಾಸಗಳು ಮೀಸಲು. ಹೊಸದಾಗಿ ಜಾಲ ಕಟ್ಟುವವರು ಇದನ್ನೇ ಆರಿಸಿಕೊಳ್ಳುವುದು ಜಾಣತನ.

ಅಳವಡಿಕೆಯ ಆದೇಶಗಳು ಬೆರಳೆಣಿಕೆಯವು. ಸಿಸ್ಕೊ ಮಾದರಿಯ ಸ್ವಿಚ್‌ಗಳಲ್ಲಿ ‘ಐಪಿ ಮಲ್ಟಿಕಾಸ್ಟ್-ರೂಟಿಂಗ್’ ಎಂದು ಬರೆದರೆ ಸಾಧನ ಈ ಕೆಲಸಕ್ಕೆ ತೆರೆದುಕೊಳ್ಳುತ್ತದೆ, ಸಂಬಂಧಪಟ್ಟ ಪ್ರತಿ ವಿಎಲ್ಯಾನ್ ಮೇಲೆ, ಎಂದರೆ ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಪ್ರತಿ ಉಪಜಾಲದ ಮೇಲೆ, ‘ಐಪಿ ಪಿಮ್ ಸ್ಪಾರ್ಸ್-ಮೋಡ್’ ಎಂದು ಬರೆಯಬೇಕು, ಆರ್‌ಪಿಯ ವಿಳಾಸವನ್ನು ಎಲ್ಲ ರೂಟರುಗಳಿಗೂ ಒಂದೇ ರೀತಿ ತಿಳಿಸಬೇಕು. ಕೊಪ್ಪದ ಸಾಧನಕ್ಕೆ ಒಂದು, ನರಸಿಂಹರಾಜಪುರದ್ದಕ್ಕೆ ಇನ್ನೊಂದು ಆರ್‌ಪಿ ಹೇಳಿದರೆ ಎರಡೂ ತಮ್ಮ ತಮ್ಮ ಕಟ್ಟೆಯಲ್ಲಿ ಕಾಯುತ್ತ ಕೂರುತ್ತವೆ. ಇಷ್ಟಾದರೂ ಚಿತ್ರ ಬರದಿದ್ದರೆ ನೋಡಬೇಕಾದ ಜಾಗಗಳು ಮುಖ್ಯವಾಗಿ ಎರಡು. ಒಂದು ಟಿಟಿಎಲ್, ಅಂದರೆ ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದೆಂಬ ಎಣಿಕೆ. ಪ್ರಸಾರ ಮಾಡುವ ಅನೇಕ ತಂತ್ರಾಂಶಗಳು ಅದನ್ನು 1 ಎಂದು ಇಟ್ಟಿರುತ್ತವೆ, ಪ್ಯಾಕೆಟ್ ಮೊದಲ ರೂಟರಿನಲ್ಲೇ ಸಾಯುತ್ತದೆ, ಯಾವ ದೋಷಸೂಚನೆಯೂ ಮೂಲಕ್ಕೆ ಮರಳುವುದಿಲ್ಲ. ಇನ್ನೊಂದು ಆರ್‌ಪಿಎಫ್ ಪರೀಕ್ಷೆ. ಮೂಲಕ್ಕೆ ತಾನು ಹಿಂದಿರುಗುವುದಾದರೆ ಯಾವ ಬಾಗಿಲಿನಿಂದ ಹೋಗುತ್ತಿದ್ದೆನೋ ಅದೇ ಬಾಗಿಲಿನಿಂದ ಬಂದ ಹರಿವನ್ನು ಮಾತ್ರ ರೂಟರ್ ಸ್ವೀಕರಿಸುತ್ತದೆ, ಬೇರೆ ಬಾಗಿಲಿನಿಂದ ಬಂದದ್ದನ್ನು ಎಸೆಯುತ್ತದೆ. ಹರಿವು ಸುತ್ತು ಹೊಡೆದು ನಕಲುಗಳ ಪ್ರಳಯವಾಗುವುದನ್ನು ತಪ್ಪಿಸಲು ಇದು ಬೇಕೇಬೇಕು.

ಮಿತಿಗಳ ವಿಷಯ ಇದಕ್ಕಿಂತ ದೊಡ್ಡದು. ಯೂನಿಕಾಸ್ಟ್‌ನಲ್ಲಿ ಸಾವಿರಾರು ವಿಳಾಸಗಳಿಗೆ ಒಂದೇ ಸಾಲಿನ ದಾರಿ ಬರೆದು ಮುಗಿಸಬಹುದು. ಮಲ್ಟಿಕಾಸ್ಟ್‌ನಲ್ಲಿ ಪ್ರತಿ ಗುಂಪಿಗೂ, ಗುಂಪಿನ ಪ್ರತಿ ಮೂಲಕ್ಕೂ, ಮರದ ಮೇಲಿನ ಪ್ರತಿ ಸಾಧನದಲ್ಲೂ ಬೇರೆ ಬೇರೆ ಸಾಲು ಬೇಕು. ಈ ಸಾಲುಗಳು ಕೂರುವುದು ಟಿಕ್ಯಾಮ್ ಎಂಬ ವಿಶೇಷ ನೆನಪಿನಲ್ಲಿ, ಇಡೀ ಪಟ್ಟಿಯನ್ನು ಒಂದೇ ಏಟಿಗೆ ಹುಡುಕಬಲ್ಲ, ದುಬಾರಿಯಾದ, ಬಿಸಿಯೇರುವ, ಆದ್ದರಿಂದಲೇ ಚಿಕ್ಕದಾಗಿ ಇಡಲಾದ ಚಿಪ್ಪಿನಲ್ಲಿ. ಹಲವು ವರ್ಷ ವ್ಯಾಪಕವಾಗಿ ಬಳಕೆಯಲ್ಲಿದ್ದ ಸಿಸ್ಕೊ ಕ್ಯಾಟಲಿಸ್ಟ್ 3750 ಸ್ವಿಚ್ಚಿನ ರೂಢಿಯ ಹಂಚಿಕೆಯಲ್ಲಿ ಐಜಿಎಂಪಿ ಗುಂಪುಗಳಿಗೂ ಮಲ್ಟಿಕಾಸ್ಟ್ ದಾರಿಗಳಿಗೂ ಸೇರಿ ಸುಮಾರು ಒಂದು ಸಾವಿರ ಸಾಲುಗಳಷ್ಟೇ ಜಾಗ. 150 ವಾಹಿನಿಗೆ ಗುಂಪಿನದೊಂದು, ಮೂಲದ್ದೊಂದು ಎಂದು ಎಣಿಸಿದರೆ 300 ಆಯಿತು, ಇನ್ನೂ 700 ಉಳಿದಿದೆ ಎಂದು ನೆಮ್ಮದಿಪಡುವವರು ಮೋಸಹೋಗುವುದು ಟಿವಿ ವಾಹಿನಿಗಳಿಂದಲ್ಲ. ಮೊಬೈಲು, ಸ್ಮಾರ್ಟ್ ಟಿವಿ, ಪ್ರಿಂಟರು ಮೊದಲಾದವು ಅಕ್ಕಪಕ್ಕದ ಸಾಧನಗಳನ್ನು ಹುಡುಕಲು 239.255.255.250 ಎಂಬ ಗುಂಪಿಗೆ ಆಗಾಗ ಕೂಗು ಹಾಕುತ್ತಿರುತ್ತವೆ. ಗುಂಪು ಒಂದೇ, ಆದರೆ ಕೂಗುವವರು ಬೇರೆ ಬೇರೆ. ಕೂಗಿದ ಪ್ರತಿಯೊಂದು ಸಾಧನವೂ ರೂಟರಿನ ಕಣ್ಣಿಗೆ ಹೊಸ ಮೂಲ, ಹೊಸ ಸಾಲು. ಹಾಸ್ಟೆಲ್ ಇರುವ ಕಾಲೇಜಿನಲ್ಲಿ ಸಂಜೆ ಆರರ ಹೊತ್ತಿಗೆ ಪಟ್ಟಿ ತುಂಬುವುದು ಹೀಗೆ. ಈ ಗುಂಪನ್ನು ಉಪಜಾಲದ ಗಡಿಯಲ್ಲೇ ತಡೆಯುವ ಒಂದು ಸಾಲಿನ ನಿಯಮ ಹಲವು ಬಾರಿ ಹೊಸ ಸ್ವಿಚ್ ಕೊಳ್ಳುವ ಖರ್ಚನ್ನೇ ಉಳಿಸುತ್ತದೆ.

ಪಟ್ಟಿ ತುಂಬಿದಾಗ ಏನಾಗುತ್ತದೆಂಬುದು ತಯಾರಕರನ್ನು ಅವಲಂಬಿಸಿದೆ. ಕೆಲವು ಸ್ವಿಚ್‌ಗಳು ಹೊಸ ಗುಂಪನ್ನು ಸ್ವೀಕರಿಸುವುದಿಲ್ಲ; ಕೆಲವು ಅದನ್ನು ಎಲ್ಲ ಪೋರ್ಟಿಗೂ ಸುರಿಯುತ್ತವೆ; ಇನ್ನು ಕೆಲವು ಚಿಪ್ಪಿನ ಬದಲು ತಮ್ಮ ಸಣ್ಣ ಪ್ರೊಸೆಸರಿನಿಂದ ನಕಲು ತೆಗೆಯಲು ಹೊರಟು, ಆಡಳಿತದ ಕೆಲಸಕ್ಕೂ ಉತ್ತರಿಸಲಾಗದೆ ಉಸಿರುಗಟ್ಟುತ್ತವೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಆಗ ದೋಷ ಮಲ್ಟಿಕಾಸ್ಟ್‌ನದೆಂದು ತೋರುವುದಿಲ್ಲ, ಇಡೀ ಸ್ವಿಚ್ ಕೆಟ್ಟಂತೆ ಕಾಣುತ್ತದೆ. ಆದ್ದರಿಂದ ಮಿತಿಗಳನ್ನು ಯಂತ್ರ ಹಾಕುವ ಮೊದಲು ನಿರ್ವಾಹಕನೇ ಹಾಕುವುದು ಒಳ್ಳೆಯದು. ಒಟ್ಟು ಮಲ್ಟಿಕಾಸ್ಟ್ ದಾರಿಗಳಿಗೆ ಮೇಲ್ಮಿತಿ ಕೊಟ್ಟು, ಅದಕ್ಕೂ ಕೆಳಗೆ ಎಚ್ಚರಿಕೆಯ ಗೆರೆಯೊಂದನ್ನು ಎಳೆಯಬಹುದು. ಒಂದು ಪೋರ್ಟಿನಿಂದ ಏಕಕಾಲದಲ್ಲಿ ಎಷ್ಟು ಗುಂಪಿಗೆ ಸೇರಬಹುದೆಂದು ನಿಗದಿಮಾಡಬಹುದು. ಎರಡು ಟಿವಿ ಇರುವ ಮನೆಗೆ ನಾಲ್ಕು ಸಾಕು, ಯಾಕೆಂದರೆ ವಾಹಿನಿ ಬದಲಿಸುವ ಕ್ಷಣದಲ್ಲಿ ಹಳೆಯದೂ ಹೊಸದೂ ಸ್ವಲ್ಪ ಹೊತ್ತು ಒಟ್ಟಿಗಿರುತ್ತವೆ. ಮಿತಿ ಮುಟ್ಟಿದ ಮೇಲೆ ಹೊಸ ಕೋರಿಕೆಯನ್ನು ನಿರಾಕರಿಸಬೇಕೋ, ಹಿಂದಿನ ಒಂದನ್ನು ಬಿಡಿಸಿ ಜಾಗ ಕೊಡಬೇಕೋ ಎಂಬುದನ್ನೂ ಬರೆದಿಡಲು ಬರುತ್ತದೆ.

ವಾಹಿನಿ ಬೇಗ ಬದಲಾಗಲೆಂದು ಬಳಸುವ ಫಾಸ್ಟ್ ಲೀವ್ ಎಂಬ ಸೌಲಭ್ಯ ಇದೇ ಮನೆಯಲ್ಲಿ ಜಗಳ ಹುಟ್ಟಿಸುವುದುಂಟು. ಸಾಮಾನ್ಯ ಕ್ರಮದಲ್ಲಿ ಒಂದು ಪೆಟ್ಟಿಗೆ ಗುಂಪು ಬಿಟ್ಟೆನೆಂದರೆ, ಇನ್ನಾರಾದರೂ ನೋಡುತ್ತಿದ್ದಾರೆಯೇ ಎಂದು ಸೆಕೆಂಡಿಗೊಮ್ಮೆಯಂತೆ ಎರಡು ಸಲ ಕೇಳಿ ಆಮೇಲೆ ಹರಿವನ್ನು ನಿಲ್ಲಿಸಲಾಗುತ್ತದೆ. ಫಾಸ್ಟ್ ಲೀವ್ ಹಾಕಿದ ಪೋರ್ಟಿನಲ್ಲಿ ಈ ವಿಚಾರಣೆ ಇಲ್ಲ. ನಡುಮನೆಯಲ್ಲೂ ಕೋಣೆಯಲ್ಲೂ ಒಂದೇ ಧಾರಾವಾಹಿ ನಡೆಯುತ್ತಿದ್ದು, ಕೋಣೆಯವರು ಕ್ರಿಕೆಟ್ಟಿಗೆ ಹೊರಳಿದರೆ ನಡುಮನೆಯ ಚಿತ್ರವೂ ಹೆಪ್ಪುಗಟ್ಟುತ್ತದೆ. ಒಂದು ಪೋರ್ಟಿಗೆ ಒಂದೇ ಪೆಟ್ಟಿಗೆ ಇರುವಲ್ಲಿ ಮಾತ್ರ ಇದು ಯೋಗ್ಯ.

ಇನ್ನೊಂದು ಮಿತಿ ವಿಳಾಸಪದ್ಧತಿಯೊಳಗೇ ಹುದುಗಿದೆ. ಗುಂಪಿನ ಐಪಿ ವಿಳಾಸದಲ್ಲಿ 28 ಬಿಟ್‌ಗಳಷ್ಟು ವ್ಯತ್ಯಾಸಕ್ಕೆ ಅವಕಾಶವಿದ್ದರೂ, ಈಥರ್ನೆಟ್ ಮಟ್ಟದಲ್ಲಿ 01-00-5ಇ ಎಂದು ತೊಡಗುವ ಮ್ಯಾಕ್ ವಿಳಾಸಕ್ಕೆ ಇಳಿಸುವಾಗ 23 ಬಿಟ್‌ಗಳಷ್ಟೇ ಉಳಿಯುತ್ತವೆ. ಕಳೆದುಹೋದ ಐದು ಬಿಟ್‌ಗಳಿಂದಾಗಿ 32 ಗುಂಪುಗಳಿಗೆ ಒಂದೇ ಮ್ಯಾಕ್ ವಿಳಾಸ ಬರುತ್ತದೆ. ಮ್ಯಾಕ್ ನೋಡಿ ಹಂಚುವ ಸ್ವಿಚ್ಚಿನಲ್ಲಿ ಒಂದು ವಾಹಿನಿಗೆ 239.1.1.5, ಮತ್ತೊಂದಕ್ಕೆ 239.129.1.5 ಎಂದು ಕೊಟ್ಟರೆ ಒಂದನ್ನು ಕೇಳಿದವರಿಗೆ ಎರಡೂ ಬರುತ್ತವೆ. ಇನ್ನೂ ಅಪಾಯದ್ದು 239.0.0.1ರಂಥ ವಿಳಾಸ. ಅದು ಜಾಲದ ಒಳಗಿನ ನಿಯಂತ್ರಣ ಸಂದೇಶಗಳಿಗೆ ಮೀಸಲಾದ 224.0.0.1ರ ಮ್ಯಾಕ್ ವಿಳಾಸವನ್ನೇ ಹಂಚಿಕೊಳ್ಳುತ್ತದೆ, ಅಂಥ ಸಂದೇಶಗಳನ್ನು ಸ್ವಿಚ್‌ಗಳು ಸೋಸದೆ ಎಲ್ಲರಿಗೂ ಕಳಿಸುತ್ತವೆ. ಸುಲಭವಾಗಿ ನೆನಪಿರಲೆಂದು 239.0.0.1ರಿಂದ ವಾಹಿನಿಗಳನ್ನು ಎಣಿಸಲು ತೊಡಗುವವರು ತಿಳಿಯದೆಯೇ ಡಂಗುರ ಹೊಡೆಸಿರುತ್ತಾರೆ.

ಮಲ್ಟಿಕಾಸ್ಟ್ ಬರಿಯ ಉಳಿತಾಯದ ಉಪಾಯವಲ್ಲ, ಸಮಾನತೆಯದೂ ಹೌದು ಎಂಬುದಕ್ಕೆ ಭಾರತದ ಷೇರುಪೇಟೆ ಸಾಕ್ಷಿ. ಮುಂಬೈಯ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಪ್ರತಿ ವ್ಯವಹಾರದ ಮಾಹಿತಿಯನ್ನು ದಲ್ಲಾಳಿಗಳಿಗೆ ಮೊದಲು ಟಿಸಿಪಿ ಎಂಬ ಒಬ್ಬೊಬ್ಬರಿಗೆ ಸಾಲಾಗಿ ಕೊಡುವ ಕ್ರಮದಲ್ಲಿ ಕಳಿಸುತ್ತಿತ್ತು, 2014ರಲ್ಲಿ ಮಲ್ಟಿಕಾಸ್ಟ್‌ಗೆ ಬದಲಾಯಿತು. ಹಳೆಯ ಕ್ರಮದಲ್ಲಿ ಮೊದಲು ಸಂಪರ್ಕಿಸಿದವರಿಗೆ ಮಾಹಿತಿ ಮೊದಲು ಸಿಗುತ್ತಿತ್ತೆಂಬ ಆಕ್ಷೇಪ 2019ರ ಸೆಬಿ ಆದೇಶಕ್ಕೂ, ಅದರ ದೊಡ್ಡ ಮೊತ್ತದ ವಸೂಲಿಯನ್ನು ರದ್ದುಮಾಡಿದ 2023ರ ಮೇಲ್ಮನವಿ ತೀರ್ಪಿಗೂ ವಿಷಯವಾಯಿತು.

ಕರ್ನಾಟಕದ ಹಳ್ಳಿಗಳಿಗೆ ಒಂದರಿಂದ ಹಲವಕ್ಕೆ ಎಂಬ ಪ್ರಸಾರ ಮೊದಲು ಬಂದದ್ದು ಫೈಬರಿನಿಂದಲ್ಲ, ಆಕಾಶದಿಂದ. 2004ರ ಸೆಪ್ಟೆಂಬರ್ 20ರಂದು ಹಾರಿಸಿದ ಎಡುಸ್ಯಾಟ್ ಉಪಗ್ರಹದ ಯೋಜನೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಚಾಮರಾಜನಗರದ ಶಾಲೆಗಳೂ ಸೇರಿದ್ದವು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಸ್ಟುಡಿಯೋದಿಂದ ಪಂಚಾಯಿತಿ ಸದಸ್ಯರಿಗೆ ಉಪಗ್ರಹದ ಮೂಲಕ ತರಬೇತಿ ಕೊಡಲಾಯಿತು, ಚಿತ್ರ ಒಂದು ಕಡೆಯಿಂದ, ಮಾತು ಎರಡೂ ಕಡೆಯಿಂದ. ಉಪಗ್ರಹಕ್ಕೆ ಗುಡ್ಡ ಅಡ್ಡವಿಲ್ಲ, ಕವಲಿನಲ್ಲಿ ತುಂಬಿಹೋಗುವ ಪಟ್ಟಿಯೂ ಇಲ್ಲ. ಜೋರು ಮಳೆಯಲ್ಲಿ ಸಂಕೇತ ಕುಂದುವುದು ಮಾತ್ರ ಅದರ ದೌರ್ಬಲ್ಯ, ಮಲೆನಾಡಿನಲ್ಲಿ ಡಿಷ್ ಇಟ್ಟುಕೊಂಡ ಮನೆಯವರಿಗೆಲ್ಲ ಇದು ಗೊತ್ತಿರುವ ಸಂಗತಿ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೇಂದ್ರದ ಯೋಜನೆಗೆ 2011ರ ಅಕ್ಟೋಬರ್ 25ರಂದು ಒಪ್ಪಿಗೆ ಸಿಕ್ಕಿತು, ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಅದರ ಮೊದಲ ಹಂತದಲ್ಲಿ ಬಳಸಿದ ಜಿಪಾನ್ ತಂತ್ರದಲ್ಲಿ ಒಂದೇ ಫೈಬರನ್ನು ವಿದ್ಯುತ್ತಿಲ್ಲದ ಗಾಜಿನ ಕವಲಿನಿಂದ 32 ಅಥವಾ 64 ಕಡೆಗೆ ಒಡೆಯಬಹುದು. ಕೆಳಮುಖವಾಗಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಹೊರುವ ಬೆಳಕು ಎಲ್ಲ ಮನೆಗೂ ಒಂದೇ ರೀತಿ ತಲುಪಿ, ಪ್ರತಿ ಮನೆಯ ಸಾಧನ, ಜನ ಮೋಡೆಮ್ ಎನ್ನುವುದು, ತನಗೆ ಸೇರಿದ್ದನ್ನಷ್ಟೇ ಆರಿಸಿಕೊಳ್ಳುತ್ತದೆ. ನಕಲು ತೆಗೆಯುವ ಕೆಲಸವನ್ನು ಇಲ್ಲಿ ಗಾಜೇ ಮಾಡಿಬಿಡುವುದರಿಂದ ಮಲ್ಟಿಕಾಸ್ಟ್‌ಗೆ ಇದಕ್ಕಿಂತ ಒಗ್ಗುವ ತಂತ್ರ ಇನ್ನೊಂದಿಲ್ಲ. ದೌರ್ಬಲ್ಯವಿರುವುದು ಮೇಲಿನ ಒಂಟಿ ಕೊಂಡಿಯಲ್ಲಿ. ರಸ್ತೆ ಅಗಲ ಮಾಡುವಾಗ ಅಥವಾ ಗುಡ್ಡ ಕುಸಿದಾಗ ಅದು ತುಂಡಾದರೆ ಆಚೆಯ ಊರುಗಳೆಲ್ಲ ಕತ್ತಲು. 2023ರ ಆಗಸ್ಟ್ 4ರಂದು ಸಂಪುಟ ಒಪ್ಪಿದ ತಿದ್ದುಪಡಿಯಾದ ಭಾರತ್‌ನೆಟ್ ಕಾರ್ಯಕ್ರಮ ಇದಕ್ಕಾಗಿಯೇ ಉಂಗುರಾಕಾರದ ಜಾಲವನ್ನು ಮುಂದಿಟ್ಟಿತು. ಕೊಪ್ಪ, ಹರಿಹರಪುರ, ಶೃಂಗೇರಿ, ಜಯಪುರ, ಬಾಳೆಹೊನ್ನೂರು, ನರಸಿಂಹರಾಜಪುರ, ಮತ್ತೆ ಕೊಪ್ಪ ಎಂದು ಒಂದು ಉಂಗುರ ಕಲ್ಪಿಸಿಕೊಂಡರೆ, ಹರಿಹರಪುರದ ಬಳಿ ತಂತಿ ಕಡಿದಾಗ ಶೃಂಗೇರಿಗೆ ಬಾಳೆಹೊನ್ನೂರಿನ ಕಡೆಯಿಂದ ದಾರಿ ತೆರೆಯುತ್ತದೆ. ಯೂನಿಕಾಸ್ಟ್ ದಾರಿ ಮೊದಲು ಹೊರಳುತ್ತದೆ, ಅದನ್ನು ನೋಡಿ ಆರ್‌ಪಿಎಫ್ ಬಾಗಿಲು ಬದಲಾಗುತ್ತದೆ, ಆಮೇಲೆ ಶೃಂಗೇರಿಯ ರೂಟರ್ ಹೊಸ ದಿಕ್ಕಿಗೆ ಪ್ರತಿ ವಾಹಿನಿಗೂ ಬೇರೆ ಬೇರೆಯಾಗಿ ಕೋರಿಕೆ ಕಳಿಸುತ್ತದೆ. ನಿನ್ನೆಯವರೆಗೆ ನಾಲ್ಕು ವಾಹಿನಿ ಹೊರುತ್ತಿದ್ದ ಜಯಪುರದ ಸಣ್ಣ ಸ್ವಿಚ್ಚಿನ ಮೇಲೆ ಇಡೀ ಶೃಂಗೇರಿಯ ಪಟ್ಟಿ ಒಮ್ಮೆಲೇ ಬೀಳುವುದು ಆಗ. ಆದ್ದರಿಂದ ಉಂಗುರದ ಪ್ರತಿ ಸಾಧನಕ್ಕೂ ತನ್ನ ಊರಿನ ಅಗತ್ಯಕ್ಕಲ್ಲದೆ, ಉಂಗುರದ ಎಲ್ಲ ಊರುಗಳ ಒಟ್ಟು ಅಗತ್ಯಕ್ಕೆ ಸಾಲುವಷ್ಟು ಜಾಗವಿರಬೇಕು. ಕೆಲವರು ಈ ಕಾರಣಕ್ಕೆ, ನಡುವಿನ ಸಾಧನಗಳು ಯಾವ ಪಟ್ಟಿಯನ್ನೂ ಇಟ್ಟುಕೊಳ್ಳದೆ ಪ್ಯಾಕೆಟ್ಟಿನ ತಲೆಯಲ್ಲೇ ತಲುಪಬೇಕಾದ ರೂಟರುಗಳ ಗುರುತು ಬರೆದು ಕಳಿಸುವ, 2017ರಲ್ಲಿ ಆರ್‌ಎಫ್‌ಸಿ 8279 ಆಗಿ ಪ್ರಕಟವಾದ ಬಿಯರ್ ಎಂಬ ವಿಧಾನದ ಕಡೆ ನೋಡುತ್ತಿದ್ದಾರೆ.

ಉಳಿದದ್ದು ಮನೆಯೊಳಗಿನ ವೈಫೈ. ನಿಸ್ತಂತು ಜಾಲದಲ್ಲಿ ಯೂನಿಕಾಸ್ಟ್ ಪ್ಯಾಕೆಟ್ ತಲುಪಿತೆಂದು ಗ್ರಾಹಕ ಸಾಧನ ಪ್ರತಿಸಲವೂ ತಿಳಿಸುತ್ತದೆ, ತಿಳಿಸದಿದ್ದರೆ ಮತ್ತೆ ಕಳಿಸಲಾಗುತ್ತದೆ. ಮಲ್ಟಿಕಾಸ್ಟ್‌ಗೆ ಆ ಮರುಕಳಿಕೆ ಇಲ್ಲ, ದೂರದ ಸಾಧನಕ್ಕೂ ಕೇಳಲೆಂದು ಅದನ್ನು ಅತಿ ನಿಧಾನದ ವೇಗದಲ್ಲಿ ಕಳಿಸುವುದರಿಂದ ಗಾಳಿಯ ಹೊತ್ತನ್ನೆಲ್ಲ ಅದೇ ತಿನ್ನುತ್ತದೆ. ಜಗಲಿಯ ಗೋಡೆಗೆ ಮೋಡೆಮ್, ಎರಡು ಮಣ್ಣಿನ ಗೋಡೆಗಳ ಆಚೆ ನಡುಮನೆಯಲ್ಲಿ ಟಿವಿ ಇರುವ ಹಳೆಯ ಮಲೆನಾಡ ಮನೆಯಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ಇದಕ್ಕೆ ತಯಾರಕರು ಕಂಡುಕೊಂಡ ಪರಿಹಾರ, ಮೋಡೆಮ್‌ನ ಒಳಗೇ ಮಲ್ಟಿಕಾಸ್ಟ್ ಹರಿವನ್ನು ಬಿಡಿಸಿ ಪ್ರತಿ ಟಿವಿಗೂ ಬೇರೆ ಬೇರೆ ಯೂನಿಕಾಸ್ಟ್ ಪ್ರತಿಯಾಗಿ ಕಳಿಸುವುದು. ಕೊಪ್ಪದಿಂದ ಘಟ್ಟದ ತಿರುವುಗಳನ್ನೆಲ್ಲ ಒಂದೇ ಪ್ರತಿಯಾಗಿ ದಾಟಿ ಬಂದ ವಾಹಿನಿ ಜಗಲಿಯಿಂದ ನಡುಮನೆಗಿರುವ ಹತ್ತು ಹೆಜ್ಜೆಯ ದಾರಿಯಲ್ಲಿ, ಟಿವಿ ಎಷ್ಟಿವೆಯೋ ಅಷ್ಟು ಪ್ರತಿಗಳಾಗಿ ಹೋಗುತ್ತದೆ.